ಆಕಳು ಕಂದು ಹಾಕಿದೆಯೇ? ಬರಿಗೈ ಹಚ್ಚಬೇಡಿ

ಏಳು ತಿಂಗಳ ಗಬ್ಬದ ಆಕಳು ಕಂದು ಹಾಕಿತೆಂದರೆ, ಅಂದರೆ ದಿನ ತುಂಬುವ ಮೊದಲೇ ಸತ್ತ ಕರು ಹಾಕಿತೆಂದರೆ, ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ನಡೆಯುವುದು ಒಂದೇ ಕ್ರಮ. ಮನೆಯ ಹಿರಿಯರು ತೋಳು ಮಡಚಿ ಬರಿಗೈಲಿ ಸತ್ತ ಕರುವನ್ನು ಎಳೆದು ತಿಪ್ಪೆಗೆ ಹಾಕುತ್ತಾರೆ, ಕೈ ಬಾನಿಯಲ್ಲಿ ಅದ್ದಿ ಧೋತರಕ್ಕೆ ಒರೆಸಿಕೊಳ್ಳುತ್ತಾರೆ, ಚಹಾಕ್ಕೆ ಕೂರುತ್ತಾರೆ. ತಿಂಗಳಾದ ಮೇಲೆ ಜ್ವರ. ಆ ಜ್ವರಕ್ಕೂ ಆ ಕರುವಿಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಗಬ್ಬದ ಕೊನೆಯ ಮೂರ್ನಾಲ್ಕು ತಿಂಗಳಲ್ಲಿ ಕಂದು ಹಾಕಲು ಕಾರಣಗಳು ಹಲವು. ಮನುಷ್ಯರಿಗೂ ಅಂಟುವವುಗಳಲ್ಲಿ ದೊಡ್ಡದು ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗ. ದನ, ಎಮ್ಮೆಗಳಲ್ಲಿ ಇದನ್ನು ತರುವುದು ಬ್ರುಸೆಲ್ಲಾ ಅಬಾರ್ಟಸ್ ಎಂಬ ಬ್ಯಾಕ್ಟೀರಿಯಾ, ಆಡು ಕುರಿಗಳಲ್ಲಿ ಬ್ರುಸೆಲ್ಲಾ ಮೆಲಿಟೆನ್ಸಿಸ್. ಮನುಷ್ಯರನ್ನು ಹೆಚ್ಚು ಕಾಡುವುದು ಈ ಎರಡನೆಯದು. ಕರುವನ್ನು ನೋಡಿ ಯಾವ ರೋಗವೆಂದು ಹೇಳಲು ಯಾರಿಗೂ ಆಗದು, ನಲವತ್ತು ವರ್ಷ ದನ ಸಾಕಿದವರಿಗೂ ಆಗದು. ಹಾಗಾಗಿ ಪರೀಕ್ಷೆಯ ಫಲಿತಾಂಶ ಬರುವ ತನಕ ಇದು ಕಂದು ರೋಗವೇ ಎಂದುಕೊಂಡು ಕೆಲಸ ಮಾಡಿ.

ಹಂತ 1: ಮಕ್ಕಳು, ಬಸುರಿಯರು ಕೊಟ್ಟಿಗೆಯಿಂದ ಆಚೆ. ನಾಯಿಯನ್ನು ಕಟ್ಟಿ ಹಾಕಿ.

ಹಂತ 2: 1962ಕ್ಕೆ ಕರೆ ಮಾಡಿ. ಇದು ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾಲಯದ ಸಂಖ್ಯೆ. ಊರಿನ ಪಶು ಆಸ್ಪತ್ರೆಯ ಡಾಕ್ಟರ ನಂಬರ್ ಇದ್ದರೆ ಅವರಿಗೇ ನೇರವಾಗಿ ಹೇಳಿ.

ಹಂತ 3: ಕೈ. ಜನ ಕೆಡಿಸಿಕೊಳ್ಳುವುದು ಇಲ್ಲೇ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಸತ್ತ ಕರು, ಕಸ (ಮಾಸು), ಅದರ ಜೊತೆ ಸುರಿಯುವ ನೀರು, ಇವುಗಳಲ್ಲಿ ಇರುವಷ್ಟು ರೋಗಾಣು ಆಕಳ ಮೈಯಲ್ಲಿ ಬೇರೆಲ್ಲೂ ಇರುವುದಿಲ್ಲ. ಅವು ಒಳಗೆ ಹೋಗಲು ದೊಡ್ಡ ಗಾಯ ಬೇಕಿಲ್ಲ. ತೊಗರಿ ಕೊಯ್ಯುವಾಗ ಗೀರಿದ ಬೆರಳು, ಸಿಬಿರು ಎದ್ದ ಉಗುರಿನ ಬುಡ, ಕಣ್ಣಿಗೆ ಹಾರಿದ ಒಂದು ಹನಿ ಸಾಕು. ಉಸಿರಿನೊಂದಿಗೂ ಒಳಗೆ ಹೋಗುತ್ತವೆ. ಆದ್ದರಿಂದ ಮೂಗು ಬಾಯಿಗೆ ಬಟ್ಟೆ, ಕಣ್ಣಿಗೆ ಕನ್ನಡಕ (ಬೈಕ್ ಓಡಿಸುವಾಗ ಹಾಕುವುದಾದರೂ ಸರಿ), ಕಾಲಿಗೆ ಗಮ್ ಬೂಟು ಇರಲಿ.

ಕೈಗವಸಿನ ಬಗ್ಗೆ ನನ್ನದು ಖಡಾಖಂಡಿತ ಮಾತು. ಸಂತೆಯಲ್ಲಿ ಕಟ್ಟುಗಟ್ಟಲೆ ಮಾರುವ ತೆಳು ಪಾರದರ್ಶಕ ಕೈಗವಸು ಬೇಡವೇ ಬೇಡ. ಕರುವಿನ ಕಾಲು ಹಿಡಿದು ಎಳೆದರೆ ಬೆರಳಿನ ಸಂದಿಯಲ್ಲಿ ಸೀಳುತ್ತದೆ, ಸೀಳಿದ್ದು ಗೊತ್ತೂ ಆಗುವುದಿಲ್ಲ. ಡಾಕ್ಟರು ಆಕಳಿಗೆ ಬೀಜ ಕೊಡುವಾಗ (ಕೃತಕ ಗರ್ಭಧಾರಣೆ ಮಾಡುವಾಗ) ಹಾಕುವ, ಭುಜದವರೆಗಿನ ಕೈಗವಸು ಹಾಕಿ ಅದರ ಮೇಲೆ ದಪ್ಪ ರಬ್ಬರಿನದು ಹಾಕಿ. ಏನೂ ಸಿಗದಿದ್ದರೆ ಗೊಬ್ಬರದ ಚೀಲದ ಒಳಪದರದ ದಪ್ಪ ಪ್ಲಾಸ್ಟಿಕ್ಕನ್ನು ಎರಡು ಸುತ್ತು ಸುತ್ತಿ ಮೊಣಕೈ ಹತ್ತಿರ ದಾರ ಕಟ್ಟಿ. ತೆಗೆಯುವಾಗ ಒಳಗಿನದು ಹೊರಗೆ ಬರುವಂತೆ ಮಗುಚಿ ತೆಗೆದು ಗುಂಡಿಗೇ ಹಾಕಿ. ತೊಳೆದು ಮತ್ತೆ ಬಳಸುವ ಉಳಿತಾಯ ಬೇಡ. ಆಮೇಲೆ ಕೈಯನ್ನು ಮೊಣಕೈವರೆಗೂ ಸಾಬೂನು ಹಚ್ಚಿ ತೊಳೆಯಿರಿ, ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ.

ಕಸ ಬಿದ್ದಿಲ್ಲವೇ? ಎಳೆಯಬೇಡಿ. ಜೋತುಬಿದ್ದ ಕಸಕ್ಕೆ ಕಲ್ಲೋ ಹಳೆ ಚಪ್ಪಲಿಯೋ ಕಟ್ಟುವವರನ್ನು ಬೇಕಾದಷ್ಟು ನೋಡಿದ್ದೇನೆ. ‘ಭಾರಕ್ಕ ತಾನಾ ಬೀಳ್ತದ ಬಿಡ್ರಿ ಸಾಹೇಬ್ರ’ ಅನ್ನುತ್ತಾರೆ. ಬೀಳುವುದು ಅರ್ಧ, ಉಳಿದರ್ಧ ಹರಿದು ಒಳಗೇ ಕೊಳೆಯುತ್ತದೆ, ಗರ್ಭಕೋಶ ಕೀವು ತುಂಬುತ್ತದೆ. 12 ತಾಸು ಕಳೆದರೂ ಬೀಳದಿದ್ದರೆ ಅದು ಡಾಕ್ಟರ ಕೆಲಸ, ನಿಮ್ಮದಲ್ಲ.

ಹಂತ 4: ಹೂಳುವುದು. ಕಸವನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿದರೆ ಆಕಳಿಗೆ ಹಾಲು ಹೆಚ್ಚುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ಕಾಗೆ ಕಿತ್ತು ಬೀಳಿಸುತ್ತದೆ, ಕೆಳಗೆ ನಾಯಿ ಕಾಯುತ್ತಿರುತ್ತದೆ, ಅದು ಕಚ್ಚಿಕೊಂಡು ನಾಲ್ಕು ಮನೆಯ ಅಂಗಳ ದಾಟುತ್ತದೆ. ನಂಬಿಕೆ ಇರುವವರು ಆಲಕ್ಕೆ ಬರೀ ಹುಲ್ಲು ಕಟ್ಟಲಿ.

ಬಾವಿ, ಬೋರ್‌ವೆಲ್, ಹಳ್ಳದಿಂದ ದೂರ ಆಳು ಮುಳುಗುವಷ್ಟು ಗುಂಡಿ ತೆಗೆಯಬೇಕು. ಹೇಳುವುದು ಸುಲಭ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ಎರಡು ಅಡಿಗೇ ಗುದ್ದಲಿ ಕುಣಿಯುತ್ತದೆ, ಬೇಸಿಗೆಯ ಎರೆಹೊಲವೂ ಕಲ್ಲೇ. ಹಾಗೆಂದು ಮೊಣಕಾಲುದ್ದದ ಗುಂಡಿಯಲ್ಲಿ ಹೂತರೆ ರಾತ್ರಿಯೇ ನಾಯಿ ಕೆದರುತ್ತದೆ. ಊರಲ್ಲಿ ಜೆಸಿಬಿ ಓಡುತ್ತಿದ್ದರೆ ಹತ್ತು ನಿಮಿಷ ಕರೆಸಿ. ಇಲ್ಲವೇ ಸುಡಿ. ತೊಗರಿ ಕಟ್ಟಿಗೆಗೆ ನಮ್ಮಲ್ಲಿ ಬರವೇ? ಎಲುಬೂ ಉಳಿಯದಂತೆ ಸುಡಲು ಧಾರಾಳವಾಗಿ ಒಟ್ಟಬೇಕು, ಅಷ್ಟೇ. ಹೂಳುವುದಾದರೆ ಅಡಿಗೆ ಸುಣ್ಣ, ಮೇಲೆ ಸುಣ್ಣ, ಆಮೇಲೆ ಮಣ್ಣು, ಮಣ್ಣಿನ ಮೇಲೆ ಮುಳ್ಳು, ಕಲ್ಲು. ಒದ್ದೆಯಾದ ಹುಲ್ಲು ಸೊಪ್ಪೆಯೂ ಇದೇ ಗುಂಡಿಗೆ.

ಹಂತ 5: ನೆಲ. ಮೊದಲು ಸಗಣಿ ಕೆರೆದು ತೆಗೆಯಿರಿ, ಸಗಣಿಯ ಮೇಲೆ ಸುರಿದ ಯಾವ ಔಷಧವೂ ಕೆಲಸ ಮಾಡದು. ಆಮೇಲೆ 10 ಲೀಟರ್ ನೀರಿಗೆ ಅರ್ಧ ಕೆಜಿ ಬ್ಲೀಚಿಂಗ್ ಪೌಡರ್ ಕಲಸಿ ಸುರಿದು ಅರ್ಧ ತಾಸು ಬಿಟ್ಟು ತೊಳೆಯಿರಿ, ಅಲ್ಲಿಯವರೆಗೆ ದನ ಹೊರಗಿರಲಿ. ಪಾಕೀಟು ಬಿಚ್ಚಿದರೆ ಮೂಗಿಗೆ ಹೊಡೆಯುವ ವಾಸನೆ ಬರಬೇಕು, ಬರದಿದ್ದರೆ ಅದು ಬರೀ ಬಿಳಿ ಪುಡಿ. ಕ್ಯಾನಿನಲ್ಲಿ ಬರುವ, ಹೂವಿನ ವಾಸನೆಯ ಬಿಳಿ ಫಿನಾಯಿಲ್ ಮೂಗನ್ನು ಸಮಾಧಾನ ಮಾಡುತ್ತದೆ, ರೋಗಾಣುವನ್ನಲ್ಲ. ಬ್ಲೀಚಿಂಗ್ ಜೊತೆ ಪಾಯಖಾನೆ ತೊಳೆಯುವ ಆ್ಯಸಿಡ್ ಬೆರೆಸಿದರೆ ವಿಷಗಾಳಿ ಏಳುತ್ತದೆ, ಜೋಕೆ. ಬಿಸಿಲು ಬೀಳುವ ಜಾಗದಲ್ಲಿ ಈ ರೋಗಾಣು ಬೇಗ ಸಾಯುತ್ತದೆ. ನೆರಳಿನ ತೇವದಲ್ಲಿ ಮಾತ್ರ ತಿಂಗಳುಗಟ್ಟಲೆ ಬದುಕುತ್ತದೆ.

ಹಂತ 6: ಆಕಳನ್ನು ಬೇರೆ ಕಟ್ಟಿ, ಮೇವು ನೀರು ಬೇರೆ ಕೊಡಿ. ಸ್ರಾವ ಪೂರ್ತಿ ನಿಲ್ಲುವ ತನಕ, ಏನಿಲ್ಲವೆಂದರೂ ಮೂರು ವಾರ. ಡಾಕ್ಟರು ರಕ್ತ ತೆಗೆದು ರೋಸ್ ಬೆಂಗಾಲ್ ಪರೀಕ್ಷೆಗೋ ಎಲಿಸಾಕ್ಕೋ ಕಳಿಸುತ್ತಾರೆ. ಕಂದು ಹಾಕಿದ ಕೂಡಲೇ ತೆಗೆದ ರಕ್ತದಲ್ಲಿ ಕೆಲವೊಮ್ಮೆ ಏನೂ ಸಿಗುವುದಿಲ್ಲ. ಮೂರು ವಾರ ಬಿಟ್ಟು ಇನ್ನೊಮ್ಮೆ ತೆಗೆಸಿ. ಆಕಳಿಗೆ ಇದಕ್ಕೆ ನೆಚ್ಚಬಹುದಾದ ಚಿಕಿತ್ಸೆ ಇಲ್ಲ. ಗುಣಪಡಿಸುತ್ತೇವೆಂದು ಡಬ್ಬಿ ಹಿಡಿದು ಬರುವ ಪುಡಿ ಮಾರುವವರನ್ನು ಬಾಗಿಲಲ್ಲೇ ನಿಲ್ಲಿಸಿ. ಮೋಸ ಎಲ್ಲಿ ನಡೆಯುತ್ತದೆ ಗೊತ್ತೇ? ಬಹಳಷ್ಟು ಆಕಳು ಕಂದು ಹಾಕುವುದು ಒಂದೇ ಸಲ. ಮುಂದಿನ ಗಬ್ಬ ತುಂಬಿ ಕರು ಹುಟ್ಟುತ್ತದೆ, ಪುಡಿಯವನಿಗೆ ಹೆಸರು ಬರುತ್ತದೆ. ಆಕಳು ಮಾತ್ರ ಹಾಲಿನಲ್ಲಿ, ಪ್ರತಿ ಈತದಲ್ಲಿ ರೋಗಾಣು ಚೆಲ್ಲುತ್ತಲೇ ಇರುತ್ತದೆ.

ಹಂತ 7: ಹಾಲು ಉಕ್ಕಿಸಿ ಕಾಯಿಸಿ. ಮೊಸರಿಗೆ ಹೆಪ್ಪು ಹಾಕುವುದೂ ಕಾಯಿಸಿದ ಹಾಲಿಗೇ. ಕೆಚ್ಚಲ ಕೆಳಗೆ ಕೂತು ನೊರೆಹಾಲು ಕುಡಿಯುವ ಶೂರತನ ಬಿಡಿ. ಡೆಂಗಿ ಬಂದರೆ ಪ್ಲೇಟ್‌ಲೆಟ್ ಏರಲಿ ಎಂದು ಆಡಿನ ಹಸಿ ಹಾಲು ಹುಡುಕಿ ಹೋಗುವವರಿಗಂತೂ ಏನು ಹೇಳಲಿ. ಒಂದು ಜ್ವರ ಇಳಿಸಲು ಹೋಗಿ ಇನ್ನೊಂದನ್ನು ಕೊಂಡು ತಂದಂತೆ.

ಹಂತ 8: ನಿಮ್ಮ ಜ್ವರ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ, ಕೆಲವರಿಗೆ ತಿಂಗಳುಗಳು ಕಳೆದ ಮೇಲೆ ಶುರುವಾಗುತ್ತದೆ. ಏರಿ ಇಳಿಯುವ ಜ್ವರ, ಹಾಸಿಗೆ ನೆನೆಯುವಷ್ಟು ಬೆವರು, ಸೊಂಟ ಕೀಲು ನೋವು, ಗಂಡಸರಲ್ಲಿ ಕೆಲವರಿಗೆ ವೃಷಣದ ಬಾವು. ನಮ್ಮಲ್ಲಿ ಜ್ವರವೆಂದರೆ ಮೊದಲು ವಿಡಾಲ್ ಪರೀಕ್ಷೆ, ಆಮೇಲೆ ‘ಟೈಫಾಯ್ಡ್ ಅದ’ ಎಂದು ಸಲೈನ್. ಅದಕ್ಕೂ ಬಗ್ಗದೆ ಸೊಂಟ ಹಿಡಿದರೆ ಎಲುಬಿನ ಡಾಕ್ಟರು. ಇದನ್ನು ತಪ್ಪಿಸಲು ಒಂದೇ ವಾಕ್ಯ ಸಾಕು, ಒಳಗೆ ಹೋದ ಕೂಡಲೇ ಹೇಳಿ: ‘ಸರ್, ಕಂದು ಹಾಕಿದ ಆಕಳಿಗೆ ಕೈ ಹಚ್ಚಿದ್ದೆ, ಬ್ರುಸೆಲ್ಲಾ ನೋಡ್ರಿ.’ ರಕ್ತವನ್ನು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿದರೆ ಲ್ಯಾಬಿನವರಿಗೂ ಈ ಅನುಮಾನ ತಿಳಿಸಬೇಕು. ಈ ರೋಗಾಣು ನಿಧಾನವಾಗಿ ಬೆಳೆಯುತ್ತದೆ, ಜೊತೆಗೆ ಲ್ಯಾಬಿನವರಿಗೇ ಅಂಟಿಬಿಡುತ್ತದೆ.

ಚಿಕಿತ್ಸೆ ಇದೆ, ಆದರೆ ಉದ್ದ. ದೊಡ್ಡವರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಆರು ವಾರ, ಜೊತೆಗೆ ರಿಫಾಂಪಿಸಿನ್ ಅಷ್ಟೇ ದಿನ ಅಥವಾ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಎರಡು ಮೂರು ವಾರ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಔಷಧ ಬೇರೆ. ಹತ್ತನೇ ದಿನಕ್ಕೆ ಹುಷಾರಾಯಿತೆಂದು ಗುಳಿಗೆ ಬಿಟ್ಟವರಿಗೆ ಜ್ವರ ಮರಳುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಬಾಯಿಮಾತಿಗೆ ಕೊಡುವ ಒಂದೇ ಗುಳಿಗೆಯ ಐದು ದಿನದ ಕೋರ್ಸು ಇದಕ್ಕೆ ನಡೆಯದು.

ಇನ್ನು ಲಸಿಕೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಎಸ್-19 ಲಸಿಕೆ, ಜೀವಮಾನಕ್ಕೆ ಒಮ್ಮೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಪುಕ್ಕಟೆ. ಹೋರಿಗೆ ಬೇಡ, ಗಬ್ಬದ ದನಕ್ಕಂತೂ ಬೇಡವೇ ಬೇಡ. ಎಂಟು ತಿಂಗಳು ದಾಟಿದರೆ ಅವಕಾಶ ಹೋಯಿತು, ಆದ್ದರಿಂದ ಕರು ಹುಟ್ಟಿದ ದಿನವನ್ನು ಕೊಟ್ಟಿಗೆಯ ಗೋಡೆ ಮೇಲೆ ಬರೆದಿಡಿ. ಇದು ಜೀವಂತ ಲಸಿಕೆ. ಕರು ಹಿಡಿದಾಗ ಸೂಜಿ ನಿಮಗೇ ಚುಚ್ಚಿದರೆ ಅಂದೇ ಡಾಕ್ಟರ ಹತ್ತಿರ ಹೋಗಿ.

ಕಂದು ಹಾಕಿದ ಆಕಳನ್ನು ಸಂತೆಗೆ ಹೊಡೆಯಬೇಡಿ. ಕೊಳ್ಳುವವರೂ ಅಷ್ಟೇ, ದೇವಣಿ ಆಕಳ ಕೋಡು ಮೈಕಟ್ಟು ನೋಡಿ ಮರುಳಾಗುವ ಮೊದಲು ಕಿವಿಯ ಹಳದಿ ಬಿಲ್ಲೆಯ 12 ಅಂಕಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಆಗುವ ತನಕ ಹೊಸ ದನವನ್ನು ಹಳೆಯವುಗಳ ಜೊತೆ ಕಟ್ಟಬೇಡಿ.