ಅಪೆಂಡಿಕ್ಸ್ ಒಳಗಿದ್ದ ಹುಳು, ಮನೆಮಂದಿಗೆಲ್ಲ ಬರೆದ ಚೀಟಿ

ಜುಲೈ ತಿಂಗಳ ಮಳೆ. ರಾತ್ರಿ ಒಂಬತ್ತರ ಹೊತ್ತಿಗೆ ಆಲ್ದೂರು ಕಡೆಯಿಂದ ಒಂದು ಕುಟುಂಬ ಜೀಪಲ್ಲಿ ಚಿಕ್ಕಮಗಳೂರಿಗೆ ಬಂದಿತ್ತು. ಹನ್ನೊಂದು ವರ್ಷದ ಹುಡುಗಿ, ಅಪ್ಪ, ಅಮ್ಮ, ಜೊತೆಗೆ ಅಜ್ಜಿ. ಹುಡುಗಿ ಬಲಗಾಲು ಮಡಚಿಕೊಂಡು ಅಮ್ಮನ ತೊಡೆ ಮೇಲೆ ಮಲಗಿದ್ದಳು. ಕಾಲು ಚಾಚು ಅಂದರೆ ಅಳು. ನಾನು ಇಲ್ಲಿ ಸರ್ಜನ್. ಇಂಥ ಮಗುವನ್ನು ಬಾಗಿಲಲ್ಲಿ ನೋಡಿದಾಗಲೇ ಅರ್ಧ ಅಂದಾಜು ಸಿಕ್ಕಿಬಿಡುತ್ತದೆ. ಈ ಸಂಗತಿ ಬರೆಯಲು ಮನೆಯವರ ಒಪ್ಪಿಗೆ ಕೇಳಿದ್ದೇನೆ. ಹೆಸರು ಮಾತ್ರ ಬೇಡ ಅಂದರು. ಯಾಕೆ ಬೇಡ ಅಂದರು ಅನ್ನುವುದನ್ನು ಮುಂದೆ ಹೇಳುತ್ತೇನೆ.

ನೋವು ಹಿಂದಿನ ದಿನ ಮಧ್ಯಾಹ್ನ ಹೊಕ್ಕಳ ಸುತ್ತ ಶುರುವಾಗಿತ್ತು. ಬೆಳಗಾಗುವಷ್ಟರಲ್ಲಿ ಬಲಗಡೆ ಕೆಳಗೆ ಇಳಿದಿತ್ತು. ಎರಡು ಸಲ ವಾಂತಿ, ಊಟ ಸೇರುತ್ತಿಲ್ಲ. ಜ್ವರ ಇರಲಿಲ್ಲ. ಬಲ ಸೊಂಟದ ಮೂಳೆಯ ತುದಿಯಿಂದ ಹೊಕ್ಕಳಿಗೆ ಒಂದು ಗೆರೆ ಎಳೆದರೆ, ಮೂಳೆ ಕಡೆಯಿಂದ ಮೂರನೇ ಒಂದು ಭಾಗದಲ್ಲಿ ಒಂದು ಜಾಗ ಸಿಗುತ್ತದೆ. 1889ರಲ್ಲಿ ಮೆಕ್‌ಬರ್ನಿ ಅನ್ನುವ ಅಮೆರಿಕದ ಸರ್ಜನ್ ತೋರಿಸಿಕೊಟ್ಟ ಜಾಗ. ಅಲ್ಲಿ ಬೆರಳಿಟ್ಟ ಕೂಡಲೇ ಹುಡುಗಿ ನನ್ನ ಕೈ ಹಿಡಿದುಕೊಂಡಳು.

ರಕ್ತದಲ್ಲಿ ಬಿಳಿ ಕಣ 12,400, ಸ್ವಲ್ಪ ಜಾಸ್ತಿ. ಸ್ಕ್ಯಾನಿಂಗ್‌ನಲ್ಲಿ ಅಪೆಂಡಿಕ್ಸ್ 8 ಮಿಲಿಮೀಟರ್ ದಪ್ಪ, ಒತ್ತಿದರೆ ಚಪ್ಪಟೆ ಆಗುತ್ತಿಲ್ಲ. ಸಾಮಾನ್ಯವಾಗಿ 6ರ ಒಳಗಿರಬೇಕು. ಅಪೆಂಡಿಸೈಟಿಸ್, ಅಂದರೆ ಅಪೆಂಡಿಕ್ಸ್ ಉರಿಯೂತ, ಇರುವ ಸಾಧ್ಯತೆ ಅಳೆಯಲು 1986ರಿಂದ ಬಳಕೆಯಲ್ಲಿರುವ ಅಲ್ವರಾಡೊ ಅಂಕ ಅಂತ ಹತ್ತು ಅಂಕದ ಒಂದು ಲೆಕ್ಕ ಇದೆ. ಇವಳಿಗೆ 7 ಬಂತು. ಆಪರೇಷನ್ ಮಾಡೋಣ ಅಂತ ತೀರ್ಮಾನಿಸಿದೆ.

ಅಷ್ಟರಲ್ಲಿ ಅಜ್ಜಿ ಹೇಳಿದರು: "ಜಂತುಹುಳ ಇರ್ಬೇಕು ಡಾಕ್ಟ್ರಮ್ಮ. ರಾತ್ರಿಯೆಲ್ಲ ಹಲ್ಲು ಕಡೀತಾಳೆ. ಹರಳೆಣ್ಣೆ ಕುಡಿಸೋಣ ಅಂದ್ರೆ ಇವಳು ಬಿಡಲಿಲ್ಲ."

ಅಮ್ಮನಿಗೆ ಮುಜುಗರ. "ಸುಮ್ನಿರಿ ಅತ್ತೆ. ಸ್ಕೂಲಲ್ಲಿ ಫೆಬ್ರವರಿಯಲ್ಲೇ ಮಾತ್ರೆ ಕೊಟ್ಟಿದ್ದಾರೆ."

ಹರಳೆಣ್ಣೆ ಕುಡಿಸದೆ ಇದ್ದದ್ದು ದೊಡ್ಡ ಪುಣ್ಯ. ಅಪೆಂಡಿಕ್ಸ್ ಊದಿರುವಾಗ ಭೇದಿ ಮಾಡಿಸಿದರೆ ಅದು ಒಡೆಯುವ ಅಪಾಯ ಜಾಸ್ತಿ. ಇದನ್ನು ಅಜ್ಜಿಗೆ ಹೇಳಿದೆ. ಆದರೆ ಅವರ ಮಾತಿನ ಇನ್ನರ್ಧವನ್ನು ಅಲ್ಲಿಗೇ ಬಿಟ್ಟುಬಿಟ್ಟೆ. ಹಲ್ಲು ಕಡಿಯುವುದರಿಂದ ಹುಳು ಇದೆ ಅಂತ ಹೇಳಲು ಆಗುವುದಿಲ್ಲ, ನಿಜ. ಆದರೆ ರಾತ್ರಿ ಹೊತ್ತು ಮಗು ಹಿಂಬದಿ ಕೆರೆದುಕೊಳ್ಳುತ್ತಾಳಾ ಅಂತ ನಾನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಥಿಯೇಟರಿಗೆ ಹೋದಾಗ ಹನ್ನೊಂದೂವರೆ. ಬಲಗಡೆ ಸಣ್ಣ ಗಾಯ ಮಾಡಿ ಅಪೆಂಡಿಕ್ಸ್ ಹೊರಗೆ ತಂದೆ. ಸ್ವಲ್ಪ ಕೆಂಪಾಗಿತ್ತು. ಮುಟ್ಟಿದರೆ ಗಟ್ಟಿ. ಆದರೆ ಕೀವಿಲ್ಲ, ಒಳಗೆ ಮಲದ ಗಟ್ಟಿ ಉಂಡೆ ಸಿಕ್ಕಿಕೊಂಡ ಹಾಗೂ ಇಲ್ಲ. ಒಂದೂವರೆ ದಿನದ ನೋವಿಗೆ ಇದು ಕಡಿಮೆ ಆಯಿತಲ್ಲ ಅನ್ನಿಸಿತು. ಬುಡ ಕಟ್ಟಿ, ಕ್ಲ್ಯಾಂಪ್ ಹಾಕಿ ಕತ್ತರಿಸಿದೆ.

ಕತ್ತರಿಸಿದ ಬಾಯಲ್ಲಿ ಬಿಳಿ ಎಳೆಯೊಂದು ಕಾಣಿಸಿತು. ಸುಮಾರು ಒಂದು ಸೆಂಟಿಮೀಟರ್. ಹೊಲಿಗೆ ದಾರದ ತುಂಡು ಅಂದುಕೊಂಡೆ. ಆದರೆ ನಾನು ಕಟ್ಟಿದ್ದ ದಾರ ನೇರಳೆ ಬಣ್ಣದ್ದು. ಇದು ಹಾಲು ಬಿಳಿ. ನೋಡುತ್ತಿದ್ದ ಹಾಗೆ ಅದು ಬಳುಕಿತು. ಒಂದು ತುದಿ ಸೂಜಿ ಮೊನೆಯ ಹಾಗೆ ಚೂಪು. ಪಿನ್‌ವರ್ಮ್ ಅನ್ನುವ ಹೆಸರು ಬಂದಿರುವುದೇ ಆ ಚೂಪು ಬಾಲದಿಂದ. ಅದರ ಹಿಂದೆ ಇನ್ನೊಂದು, ಆಮೇಲೆ ಮತ್ತೆರಡು. ಎದುರಿಗಿದ್ದ ಸಿಸ್ಟರ್ "ಅಯ್ಯೋ ಮೇಡಂ" ಅಂದವರು ಕೈ ಮಾತ್ರ ಅಲುಗಿಸಲಿಲ್ಲ.

ಆಗ ಮಾಡಿದ್ದನ್ನು ಕಿರಿಯ ಡಾಕ್ಟರುಗಳಿಗಾಗಿ ಬಿಡಿಸಿ ಹೇಳುತ್ತೇನೆ. ಮೊದಲು ಕತ್ತರಿಸಿದ ಬಾಯಿಯನ್ನು ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಗಾಜ್‌ನಿಂದ ಮುಚ್ಚಿದೆ. ಹುಳು ಹೊಟ್ಟೆಯೊಳಗೆ ಜಾರಬಾರದು, ಅದರ ಮೊಟ್ಟೆಯೂ ಬೀಳಬಾರದು. ಕತ್ತರಿಸಿದ ತುಂಡನ್ನು ಕ್ಲ್ಯಾಂಪ್ ಸಮೇತ ಟ್ರೇಗೆ ಹಾಕಿ ಪಕ್ಕಕ್ಕೆ ಇಡಿಸಿದೆ. ಉಳಿದ ಬುಡ ಒರೆಸಿದೆ, ಕಟ್ಟು ಸರಿಯಾಗಿದೆಯಾ ಅಂತ ಮತ್ತೆ ನೋಡಿದೆ. ಗ್ಲೌಸ್ ಬದಲಾಯಿಸಿದೆ. ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಲ್ಯಾಪ್ರೊಸ್ಕೋಪಿ ಆಗಿದ್ದರೆ ತುಂಡನ್ನು ಬ್ಯಾಗಿನಲ್ಲೇ ಹೊರಗೆ ತೆಗೆಯಬೇಕು. ಹುಳು ಕಂಡಿತು, ಕಾರಣ ಸಿಕ್ಕಿತು ಅಂತ ಹೊಟ್ಟೆ ಮುಚ್ಚಬಾರದು. ಅಪೆಂಡಿಕ್ಸ್ ಅಷ್ಟೇನೂ ಕೆಟ್ಟಿರಲಿಲ್ಲ ಅಲ್ವಾ? ಹಾಗಾಗಿ ಸಣ್ಣ ಕರುಳಿನ ಕೊನೆಯ ಎರಡು ಅಡಿ ನೋಡಿದೆ, ಬಲಗಡೆಯ ಅಂಡಾಶಯ ನೋಡಿದೆ. ಎಲ್ಲ ಸರಿಯಿತ್ತು.

ಆರು ದಿನದ ಮೇಲೆ ಪೆಥಾಲಜಿಸ್ಟ್ ಫೋನ್ ಮಾಡಿ "ಬಂದು ನೋಡಿ" ಅಂದರು. ಮೈಕ್ರೋಸ್ಕೋಪಿನಲ್ಲಿ ಅಪೆಂಡಿಕ್ಸ್‌ನ ಕೊಳವೆ ಒಳಗೆ ಹುಳುವನ್ನು ಅಡ್ಡ ಕೊಯ್ದ ಬಿಲ್ಲೆಗಳು. ಪ್ರತಿ ಬಿಲ್ಲೆಗೂ ಎರಡು ಪಕ್ಕದಲ್ಲಿ ಪುಟ್ಟ ಮುಳ್ಳು. ಪಿನ್‌ವರ್ಮ್ ಗುರುತಿಸುವುದು ಆ ಮುಳ್ಳಿನಿಂದಲೇ. ಅಪೆಂಡಿಕ್ಸ್ ಗೋಡೆಯ ದುಗ್ಧರಸ (ಲಿಂಫ್) ಅಂಗಾಂಶ ಊದಿಕೊಂಡಿತ್ತು. ಆದರೆ ಸ್ನಾಯುವಿನ ಪದರದಲ್ಲಿ ಕೀವಿನ ಕಣ ಇರಲಿಲ್ಲ. ಅಂದರೆ ಪುಸ್ತಕದ ಲೆಕ್ಕದಲ್ಲಿ ಇದು ಅಪೆಂಡಿಸೈಟಿಸ್ ಅಲ್ಲವೇ ಅಲ್ಲ.

ಇಲ್ಲಿ ಡಾಕ್ಟರುಗಳಲ್ಲೇ ಎರಡು ಅಭಿಪ್ರಾಯ ಇದೆ. ಹುಳು ಕೊಳವೆಯ ಬಾಯಿ ಕಟ್ಟಿ ಊತ ತರಿಸುತ್ತದೆ ಅನ್ನುವವರು ಕೆಲವರು. ಅದು ಸುಮ್ನೆ ಅಲ್ಲಿರುತ್ತದೆ, ಬೇರೆ ಕಾರಣಕ್ಕೆ ತೆಗೆದಾಗ ಕಣ್ಣಿಗೆ ಬೀಳುತ್ತದೆ ಅನ್ನುವವರು ಇನ್ನು ಕೆಲವರು. ಎರಡೂ ನಿಜ ಅಂತ ನನಗನ್ನಿಸುತ್ತದೆ. ಕೆಲವರಲ್ಲಿ ನಿಜವಾದ ಅಪೆಂಡಿಸೈಟಿಸ್ ಆಗುತ್ತದೆ, ಒಡೆಯುವವರೆಗೂ ಹೋಗಬಹುದು. ಈ ಹುಡುಗಿಯಲ್ಲಿ ಹುಳು ತುಂಬಿದ ಕೊಳವೆ ಹಿಂಡಿಕೊಂಡು ನೋವು ಬಂದಿರಬೇಕು. ಯಾವುದು ಯಾವುದೆಂದು ಹೊರಗಿನಿಂದ ಹೇಳಲು ದಾರಿಯಿಲ್ಲ. ಪಿನ್‌ವರ್ಮ್ ಇದ್ದರೆ ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ಕಣ ಸಾಮಾನ್ಯವಾಗಿ ಏರುವುದಿಲ್ಲ, ಇವಳಿಗೂ ಏರಿರಲಿಲ್ಲ. ಮಲ ಪರೀಕ್ಷೆಯಲ್ಲೂ ಹೆಚ್ಚಿನ ಸಲ ಸಿಗುವುದಿಲ್ಲ. ಆದ್ದರಿಂದ, ಹುಳುವೇ ಇರಬಹುದು ಅಂತ ಮಾತ್ರೆ ಕೊಟ್ಟು ಕಾಯುವುದು ತಪ್ಪು. ಮುಂದಿನ ಮಗುವಿನಲ್ಲಿ ಒಡೆದ ಅಪೆಂಡಿಕ್ಸ್ ಇದ್ದರೆ?

ಬಿಡುಗಡೆ ದಿನ ಅಮ್ಮನನ್ನು ಒಬ್ಬರೇ ಕೂರಿಸಿಕೊಂಡು ಹುಳುವಿನ ವಿಷಯ ಹೇಳಿದೆ. ಅವರ ಮುಖ ಇಳಿದುಹೋಯಿತು. "ನಮ್ಮನೆ ಗಲೀಜಲ್ಲ ಮೇಡಂ. ದಿನಾ ಮನೆ ಒರೆಸ್ತೀನಿ. ದಯವಿಟ್ಟು ಯಾರಿಗೂ ಹೇಳ್ಬೇಡಿ." ಹೆಸರು ಬೇಡ ಅಂದದ್ದು ಇದಕ್ಕೇ. ತಮ್ಮ ಮಗುವಿಗೆ ಆಪರೇಷನ್ ಆದದ್ದಕ್ಕಿಂತ ಹುಳು ಸಿಕ್ಕಿದ್ದು ಆ ತಾಯಿಗೆ ದೊಡ್ಡ ನೋವಾಗಿತ್ತು. ನನಗೆ ಸಂಕಟವಾಯಿತು. ಈ ಹುಳು ಎಸ್ಟೇಟ್ ಕಾರ್ಮಿಕರ ಲೈನ್ ಮನೆಯಲ್ಲೂ ಇರುತ್ತದೆ, ಎಸ್ಟೇಟ್ ಬಂಗಲೆಯಲ್ಲೂ ಇರುತ್ತದೆ. ಮಕ್ಕಳಿರುವ ಯಾವ ಮನೆಗೂ ಬರುತ್ತದೆ.

ಹೇಗೆ ಅಂತ ಅವರಿಗೆ ಹೇಳಿದ್ದು ಇಷ್ಟು. ರಾತ್ರಿ ಮಗು ಮಲಗಿದಾಗ ಹೆಣ್ಣು ಹುಳು ಗುದದ್ವಾರದ ಹತ್ತಿರ ಬಂದು ಸಾವಿರಾರು ಮೊಟ್ಟೆ ಇಡುತ್ತದೆ. ತುರಿಕೆ ಆಗುತ್ತದೆ. ಮಗು ಕೆರೆಯುತ್ತದೆ, ಮೊಟ್ಟೆ ಉಗುರಿಗೆ ಸೇರುತ್ತದೆ, ಉಗುರಿನಿಂದ ಬಾಯಿಗೆ. ಐದಾರು ಗಂಟೆಯಲ್ಲಿ ಆ ಮೊಟ್ಟೆ ಸೋಂಕು ಹರಡಲು ತಯಾರು. ಹಾಸಿಗೆ ಮೇಲೆ ಎರಡು ಮೂರು ವಾರ ಬದುಕಬಲ್ಲದು. ಪಕ್ಕದಲ್ಲಿ ಮಲಗುವ ತಮ್ಮನಿಗೆ, ಅಜ್ಜಿಗೆ ಹೀಗೇ ದಾಟುತ್ತದೆ. ಸ್ಕೂಲಿನ ಮಾತ್ರೆ ಒಳ್ಳೆಯದೇ. ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನ 2015ರಲ್ಲಿ ಶುರುವಾದದ್ದು ಮುಖ್ಯವಾಗಿ ಮಣ್ಣಿನಿಂದ ಬರುವ ಹುಳುಗಳಿಗೆ. ಅಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಪಿನ್‌ವರ್ಮನ್ನೂ ಕೊಲ್ಲುತ್ತದೆ, ಆದರೆ ಮೊಟ್ಟೆಯನ್ನಲ್ಲ. ಮಗು ಮಾತ್ರೆ ತಿಂದು ಅದೇ ಕಂಬಳಿಯೊಳಗೆ ಮಲಗಿದರೆ ಹುಳು ವಾಪಸ್.

ಇದನ್ನು ನಾನು ಒಂದು ತಪ್ಪಿನಿಂದ ಕಲಿತೆ. ಕೆಲವು ವರ್ಷದ ಹಿಂದೆ ಇಂಥದ್ದೇ ಒಬ್ಬ ಹುಡುಗನಿಗೆ ಅಪೆಂಡಿಕ್ಸ್ ತೆಗೆದೆ, ಅವನಿಗೊಬ್ಬನಿಗೇ ಮಾತ್ರೆ ಬರೆದೆ. ಹುಳು ಹೋಯಿತು ಅಂದುಕೊಂಡೆ. ಎರಡು ತಿಂಗಳಿಗೆ ಅವನು ಮತ್ತೆ ತುರಿಕೆ, ನಿದ್ದೆ ಇಲ್ಲ ಅಂತ ಬಂದ. ಅಪೆಂಡಿಕ್ಸ್ ಹುಳುವಿನ ಮನೆಯಲ್ಲ, ಹುಳು ಇರುವುದು ದೊಡ್ಡ ಕರುಳಿನಲ್ಲಿ ಅಂತ ನನಗೆ ಗೊತ್ತಿತ್ತು. ಆದರೂ ಚೀಟಿ ಬರೆಯುವಾಗ ಆ ಮನೆಯಲ್ಲಿ ಇನ್ನೂ ಮೂವರು ಮಕ್ಕಳಿದ್ದಾರೆ ಅನ್ನುವುದನ್ನು ಕೇಳಿರಲಿಲ್ಲ.

ಹಾಗಾಗಿ ಈ ಸಲ ಐದು ಜನಕ್ಕೆ ಚೀಟಿ ಬರೆದೆ. ಎಲ್ಲರಿಗೂ ಒಂದೇ ದಿನ ಅಲ್ಬೆಂಡಜೋಲ್ 400 ಮಿಲಿಗ್ರಾಂ, ಎರಡು ವಾರಕ್ಕೆ ಇನ್ನೊಮ್ಮೆ. ನಾಲ್ಕು ವರ್ಷದ ತಮ್ಮನಿಗೂ ಅಷ್ಟೇ. ಮನೆಯಲ್ಲಿ ಮೂರು ತಿಂಗಳ ಬಸುರಿ ಚಿಕ್ಕಮ್ಮ ಇದ್ದಾರೆ ಅಂತ ಕೇಳಿದ ಮೇಲೇ ಗೊತ್ತಾದದ್ದು. ಅವರಿಗೆ ಮಾತ್ರೆ ಬೇಡ, ಸ್ವಚ್ಛತೆ ಸಾಕು ಅಂದೆ. ಉಗುರು ಕತ್ತರಿಸಿ. ಬೆಳಗ್ಗೆ ಎದ್ದ ಕೂಡಲೇ ಮಕ್ಕಳಿಗೆ ಸ್ನಾನ ಮಾಡಿಸಿ, ಚಡ್ಡಿ ಬದಲಾಯಿಸಿ. ಹೊದಿಕೆ ಕೊಡವಬೇಡಿ, ಮೊಟ್ಟೆ ಗಾಳಿಗೆ ಹಾರುತ್ತದೆ. ಬಿಸಿಲಲ್ಲಿ ಒಣಗಿಸಿ ಅನ್ನಲು ಹೋಗಿ ಕಿಟಕಿ ನೋಡಿದೆ. ಜುಲೈನಲ್ಲಿ ಮಲೆನಾಡಲ್ಲಿ ಬಿಸಿಲೆಲ್ಲಿ? ಹಂಡೆಯ ಕುದಿಯುವ ನೀರಲ್ಲಿ ಬೆಡ್‌ಶೀಟ್ ನೆನೆಸಿ, ಬಚ್ಚಲ ಒಲೆ ಹತ್ತಿರ ಒಣಗಿಸಿ ಅಂದೆ.

ತಮ್ಮನಿಗೆ ಮಾತ್ರೆ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿದೆ. ಅಮ್ಮನಿಗೆ ಮೂರು ಗಾಜಿನ ಸ್ಲೈಡು, ಒಂದು ಪಾರದರ್ಶಕ ಟೇಪು ಕೊಟ್ಟೆ. ಬೆಳಗ್ಗೆ ಸ್ನಾನಕ್ಕೆ ಮುಂಚೆ ಗುದದ ಸುತ್ತ ಟೇಪು ಒತ್ತಿ ಸ್ಲೈಡಿಗೆ ಅಂಟಿಸಬೇಕು, ಮೂರು ದಿನ. ಎರಡನೇ ದಿನದ ಸ್ಲೈಡಿನಲ್ಲಿ ಮೊಟ್ಟೆ ಇತ್ತು. ಒಂದು ಪಕ್ಕ ಉಬ್ಬು, ಇನ್ನೊಂದು ಪಕ್ಕ ಚಪ್ಪಟೆ. ಅಮ್ಮನನ್ನೇ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ಇಷ್ಟು ಸಣ್ಣದಾ? ಇದು ಎಷ್ಟು ಒರೆಸಿದ್ರೂ ಕಣ್ಣಿಗೇ ಬೀಳಲ್ವಲ್ಲ ಮೇಡಂ" ಅಂದರು. ಆಮೇಲೆ ಅವರು ಗಲೀಜು ಅನ್ನುವ ಮಾತು ಎತ್ತಲಿಲ್ಲ.

ಎರಡು ವಾರದ ಮೇಲೆ ಹುಡುಗಿಯ ಗಾಯ ನೋಡಲು ಎಲ್ಲರೂ ಬಂದರು. ಗಾಯ ಒಣಗಿತ್ತು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಎರಡನೇ ಮಾತ್ರೆಯ ಪೊಟ್ಟಣ ತೆಗೆದರು, ನನ್ನ ಮುಂದೆಯೇ ಜಗಿದು ನೀರು ಕುಡಿದರು. "ನಾನು ಆವತ್ತೇ ಹೇಳ್ದೆ" ಅಂದರು. ಹೌದು ಅಜ್ಜಿ, ಹೇಳಿದ್ರಿ ಅಂದೆ.