ಜೋಗದ ದಾರಿಯ ಹೋಟೆಲ್‌ಗೆ ಕಲ್ಲು ಆರಿಸಿದ್ದು

ಸಾಗರದಿಂದ ಜೋಗಕ್ಕೆ ಹೋಗುವ ರಸ್ತೆಯಲ್ಲಿ ಒಂದು ಹೋಟೆಲ್‌ನ ಒಳಾಂಗಣ ಕೆಲಸ ನನಗೆ ಬಂತು. ಊಟದ ಹಾಲ್, ಬಿಲ್ಲಿಂಗ್ ಕೌಂಟರ್, ಕೈ ತೊಳೆಯುವ ಜಾಗ, ಇಷ್ಟೇ. ಮಾಲೀಕರಿಗೆ ಎಲ್ಲ ಕಡೆ ಬಿಳಿ ಮಾರ್ಬಲ್ಲೇ ಬೇಕಿತ್ತು.

ನಾನು ವಾದ ಮಾಡಲಿಲ್ಲ. ಮಾರ್ಬಲ್, ಕಡಪ, ಗ್ರಾನೈಟ್ ಮೂರರದ್ದೂ ಪಾಲಿಶ್ ಆದ ತುಂಡು ತಂದು ಅವರ ಅಡುಗೆಮನೆಯಲ್ಲೇ ಇಟ್ಟೆ. ಮೂರರ ಮೇಲೂ ನಿಂಬೆರಸ, ಹುಣಸೆರಸ ಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಒರೆಸಿ ನೋಡಿದರೆ ಮಾರ್ಬಲ್ ಮತ್ತು ಕಡಪದ ಹೊಳಪು ಹೋಗಿ ಮಂಕು ಗುರುತು ಬಿದ್ದಿತ್ತು. ಎರಡರಲ್ಲೂ ಸುಣ್ಣದ ಅಂಶ ಜಾಸ್ತಿ, ಹುಳಿ ಅದನ್ನು ತಿನ್ನುತ್ತದೆ. ಅದು ಕಲೆ ಅಲ್ಲ, ಉಜ್ಜಿದರೆ ಹೋಗುವುದಿಲ್ಲ, ಮತ್ತೆ ಪಾಲಿಶ್ ಹೊಡೆಸಬೇಕು. ಕಲ್ಲಿನ ಸಣ್ಣ ರಂಧ್ರಗಳಿಗೆ ಕುಡಿಸುವ ಸೀಲರ್ ದ್ರವ ಹಚ್ಚಿದರೆ ಎಣ್ಣೆ, ಅರಿಶಿನ ಒಳಗೆ ಇಳಿಯುವುದು ಕಡಿಮೆಯಾಗುತ್ತದೆ ನಿಜ, ಆದರೆ ಹುಳಿ ತಿನ್ನುವುದು ನಿಲ್ಲುವುದಿಲ್ಲ. ಗ್ರಾನೈಟ್ ಮಾತ್ರ ಇದ್ದ ಹಾಗೇ ಇತ್ತು. "ಸಾರು ಚೆಲ್ಲೋ ಜಾಗಕ್ಕೆ ಇದು ಆಗೋದಲ್ಲ ಮಾರಾಯ್ರೆ" ಅಂತ ಮಾಲೀಕರೇ ಮಾರ್ಬಲ್ ತುಂಡನ್ನು ಪಕ್ಕಕ್ಕೆ ತಳ್ಳಿದರು.

ಕೌಂಟರ್‌ಗೂ ಟೇಬಲ್‌ಗಳಿಗೂ ಕಪ್ಪು ಗ್ರಾನೈಟ್ ತೆಗೆದುಕೊಂಡೆವು. ಕಪ್ಪು ಕಲ್ಲು ಕೊಳ್ಳುವಾಗ ಒಂದು ಎಚ್ಚರ ಬೇಕು. ಬೂದು ಬಣ್ಣದ ಕಲ್ಲಿಗೆ ಬಣ್ಣ ಹಚ್ಚಿ ಕಪ್ಪು ಮಾಡಿ ಮಾರುವುದೂ ಉಂಟು. ಬಿಳಿ ಬಟ್ಟೆಗೆ ಸ್ವಲ್ಪ ಅಸಿಟೋನ್ ಹಾಕಿ ಮೂಲೆಯಲ್ಲಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಆ ಸ್ಲ್ಯಾಬ್ ಬೇಡ.

ನೆಲದ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಂಡೆ. ಮಳೆಗಾಲದಲ್ಲಿ ಜಲಪಾತ ನೋಡಿ ಬಂದವರು ಒದ್ದೆ ಚಪ್ಪಲಿ, ಕೆಮ್ಮಣ್ಣು, ನೀರು ಸುರಿಯುವ ಕೊಡೆಯ ಜೊತೆಗೇ ಒಳಗೆ ಬರುತ್ತಾರೆ. ಪಾಲಿಶ್ ನೆಲದ ಮೇಲೆ ಜಾರುವುದು ಗ್ಯಾರಂಟಿ. ಹಾಗಾಗಿ ಬಾಗಿಲ ಮೆಟ್ಟಿಲಿಗೆ ಬೆಂಕಿಯಲ್ಲಿ ಒರಟು ಮಾಡಿದ ಫ್ಲೇಮ್ಡ್ ಗ್ರಾನೈಟ್, ಒಳಗೆ ಹೊಳಪು ಕಡಿಮೆ ಇದ್ದು ಚರ್ಮದಂತೆ ತುಸು ತರಿತರಿಯಾದ ಲೆದರ್ ಫಿನಿಶ್ ಗ್ರಾನೈಟ್ ಹಾಕಿಸಿದೆ. ಫ್ಲೇಮ್ಡ್ ಕಲ್ಲಿನ ಸಂದಿಯಲ್ಲಿ ಮಣ್ಣು ಕೂರುತ್ತದೆ, ಬ್ರಷ್ ಹಾಕಿ ತಿಕ್ಕಲೇಬೇಕು. ಗಿರಾಕಿ ಜಾರಿ ಬೀಳುವುದಕ್ಕಿಂತ ಅದು ವಾಸಿ ಅಲ್ವಾ?

ಕೌಂಟರ್ ಹಿಂದಿನ ಗೋಡೆಗೆ ನಮ್ಮೂರ ಜಂಬಿಟ್ಟಿಗೆಯನ್ನೇ ತೆಳ್ಳಗೆ ಕೊಯ್ಸಿ ಅಂಟಿಸಿದೆವು. ಇದು ನನಗೆ ತುಂಬಾ ಇಷ್ಟವಾದ ಭಾಗ. ಅಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಅದು. ಮೈತುಂಬಾ ಜೇನುಗೂಡಿನಂತೆ ತೂತು. ಆ ತೂತಿನಲ್ಲೇ ಅಂದ, ಅದರಲ್ಲೇ ಕಷ್ಟ. ನೀರು ಹೀರುತ್ತದೆ, ಧೂಳು ಉದುರಿಸುತ್ತದೆ. ಬೇಸಿಗೆಯಲ್ಲಿ ಪೂರ್ತಿ ಒಣಗಿದ ಮೇಲೆ ಬ್ರಷ್ ಹೊಡೆದು, ಹೊಳಪು ಬರದ ಸೀಲರ್ ಕುಡಿಸಿದೆವು. ತೇವ ಇರುವಾಗ ಸೀಲರ್ ಹಚ್ಚಿದರೆ ನೀರು ಒಳಗೇ ಸಿಕ್ಕಿಬೀಳುತ್ತದೆ, ಅದಕ್ಕೇ ಜೂನ್‌ಗೆ ಮುಂಚೆ ಮುಗಿಸುವ ಅವಸರ. ಕೈ ತೊಳೆಯುವ ಜಾಗದ ಹತ್ತಿರ ಮಾತ್ರ ಈ ಕಲ್ಲು ಬೇಡವೇ ಬೇಡ ಅಂದೆ.

ಅಲ್ಲಿ ಗೋಡೆಗೂ ಗ್ರಾನೈಟ್ ಬಂತು. 20 ಮಿ.ಮೀ. ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ. ಬರೀ ಸಿಮೆಂಟ್ ಹಾಲನ್ನು ನಂಬಿ ದೊಡ್ಡ ತುಂಡು ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಸ್ಟೋನ್ ಅಡ್ಹೆಸಿವ್ ಜೊತೆ ಸ್ಟೀಲ್ ಕ್ಲಾಂಪ್ ಹಾಕಿಸಿದೆ. ಮೇಸ್ತ್ರಿ ಸ್ವಲ್ಪ ಗೊಣಗಿದರು, ಹಾಕಿದರು.

ಕೊನೆಗೆ ಕ್ಲೀನಿಂಗ್ ಹುಡುಗರನ್ನು ಕರೆದು ಹೇಳಿದ್ದು ಇಷ್ಟು: ಟಾಯ್ಲೆಟ್ ಆ್ಯಸಿಡ್ ಹಾಲ್‌ಗೆ ತರಬೇಡಿ. ಅದು ಗ್ರಾನೈಟ್ ನಡುವಿನ ಸಿಮೆಂಟ್ ಸಂದಿಯನ್ನೂ ತಿನ್ನುತ್ತದೆ. ನೀರಿಗೆ ಸ್ವಲ್ಪ ಸಾದಾ ಸೋಪು ಹಾಕಿ ಒರೆಸಿದರೆ ಸಾಕು.