ಮೊದಲ ದಿನ ಮನೆಯಲ್ಲಿ ಏನು ಮಾಡಿದಿರಿ?

ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಾನು ಮೊದಲ ತಿಂಗಳು ತುಂಬಿಸಿದ ಪ್ರಶ್ನಾವಳಿಗಳಲ್ಲಿ ಒಂದನ್ನೂ ಅಲ್ಲಿನ ಸಾಂಪ್ರದಾಯಿಕ ವೈದ್ಯದ ಬಗೆಗಿನ ನನ್ನ ಸಂಶೋಧನಾ ಪ್ರಬಂಧಕ್ಕೆ ಬಳಸಿಕೊಳ್ಳಲಿಲ್ಲ. ಅವನ್ನು ತುಂಬಿಸಿದ್ದು ಊರ ಹೊರವಲಯದ ಟೌನ್‌ಶಿಪ್ ಒಂದರ ಸರ್ಕಾರಿ ಕ್ಲಿನಿಕ್ಕಿನಲ್ಲಿ. ಬೆಳಗ್ಗೆ ಆರಕ್ಕೇ ಬಾಗಿಲ ಮುಂದೆ ಸಾಲು ನಿಂತಿರುತ್ತಿತ್ತು. ನಾನು ಮತ್ತು ನನ್ನ ದುಭಾಷಿ ಹುಡುಗಿ ಆ ಸಾಲಿನ ಪಕ್ಕದಲ್ಲೇ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ಮೂರನೇ ಪ್ರಶ್ನೆ ಹೀಗಿತ್ತು: 'ಕಳೆದ ಒಂದು ವರ್ಷದಲ್ಲಿ ಸಾಂಪ್ರದಾಯಿಕ ವೈದ್ಯರ ಬಳಿ ಹೋಗಿದ್ದೀರಾ?' ಬಹುತೇಕ ಎಲ್ಲರೂ ಇಲ್ಲ ಎಂದರು. ಒಬ್ಬ ಹೆಂಗಸು ಹಾಗೆಂದ ಮೇಲೆ ಕ್ಲಿನಿಕ್ ಕಾರ್ಡ್ ತೆಗೆಯಲು ಕೈಚೀಲದ ಜಿಪ್ ಎಳೆದಳು. ಒಳಗೆ ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ, ಅದರ ಕತ್ತಿನವರೆಗೂ ಕಂದು ಬಣ್ಣದ ಕಷಾಯ, ಮೇಲೆ ತೆಳ್ಳಗೆ ನೊರೆ. ಅಲ್ಲಿ ಈ ನಾಟಿ ಮದ್ದನ್ನು ಇಂಬಿಝಾ ಅನ್ನುತ್ತಾರೆ. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು. ಜಿಪ್ ಮುಚ್ಚಿಕೊಂಡಳು. ನನ್ನ ಹಾಳೆಯಲ್ಲಿ 'ಇಲ್ಲ' ಎಂಬಲ್ಲಿ ಗುರುತು ಬಿದ್ದಾಗಿತ್ತು.

ಅವತ್ತು ರಾತ್ರಿ ನನಗೆ ನೆನಪಾದದ್ದು ಅಜ್ಜಿ. ನಮ್ಮದು ಶಿವಮೊಗ್ಗ ಜಿಲ್ಲೆಯ ಹಳ್ಳಿ. ಅಜ್ಜಿ ಕಾಮಾಲೆಗೆ ಮದ್ದು ಕೊಡುತ್ತಿದ್ದಳು. ಬಂದವರು ನಸುಕಿನಲ್ಲಿ ಖಾಲಿ ಹೊಟ್ಟೆಯಲ್ಲಿ ಬರಬೇಕು, ಮೂರು ದಿನ ಉಪ್ಪು ಬಿಡಬೇಕು, ದುಡ್ಡು ಕೊಡುವಂತಿಲ್ಲ. ಯಾವ ಸೊಪ್ಪು ಅಂತ ಕೇಳಿದರೆ "ಹೇಳಿದ್ರೆ ಮದ್ದು ಹಿಡಿಯಲ್ಲ ಮಗಾ" ಅನ್ನುತ್ತಿದ್ದಳು. ಆಮೇಲೆ ನಾನು ಬಿ.ಫಾರ್ಮ್ ಮುಗಿಸಿ ಪೇಟೆಯ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೂತಾಗ, ಅದೇ ಸುತ್ತಿನ ಹಳ್ಳಿಯವರು ಡಾಕ್ಟರ ಮುಂದೆ 'ನಾಟಿ ಔಷಧಿ ಏನೂ ತಗೊಂಡಿಲ್ಲ ಸಾರ್' ಅನ್ನುವುದನ್ನು ಕೇಳಿದ್ದೆ. ತಗೊಂಡಿದ್ದರು. ಹೌದು ಅಂದರೆ ಬೈಗುಳ ಬೀಳುತ್ತಿತ್ತು, ಅಷ್ಟೇ. ಇದನ್ನು ಕಣ್ಣಾರೆ ಕಂಡವಳು ನಾನು. ಆದರೂ ಅದೇ ಪ್ರಶ್ನೆಯನ್ನು ಸಮುದ್ರದಾಚೆ, ಅದೂ ಕ್ಲಿನಿಕ್ಕಿನ ಬಾಗಿಲಲ್ಲಿ ಕೂತು ಕೇಳಿದ್ದೆ.

ಆಫ್ರಿಕಾದ ಸಾಂಪ್ರದಾಯಿಕ ವೈದ್ಯದ ಬಗ್ಗೆ ಬರೆಯುವವರೆಲ್ಲ ಮೊದಲ ಪುಟದಲ್ಲಿ ಒಂದು ಅಂಕಿ ಹಾಕುತ್ತಾರೆ: ಶೇ. 80ರಷ್ಟು ಜನ ಇದನ್ನು ಬಳಸುತ್ತಾರೆ ಅಂತ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಕಾರ್ಯನೀತಿಯಲ್ಲೂ 'ಶೇ. 80ರವರೆಗೆ' ಎಂದಿದೆ. ನನ್ನ ಸಿನಾಪ್ಸಿಸ್ಸಿನ ಮೊದಲ ಸಾಲೂ ಅದೇ ಆಗಿತ್ತು. ಆದರೆ ಅದೇ ಸಂಸ್ಥೆ ಆರು ದೇಶಗಳಲ್ಲಿ ಸಂಗ್ರಹಿಸಿದ ಸಮೀಕ್ಷೆಯ ವಿಶ್ಲೇಷಣೆ 2016ರಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆಂದು ಹೆಚ್ಚಾಗಿ ಹೋಗುವುದೇ ಸಾಂಪ್ರದಾಯಿಕ ವೈದ್ಯರ ಬಳಿಗೆ ಎಂದವರು ಭಾರತದಲ್ಲಿ ಶೇ. 11.7, ಘಾನಾದಲ್ಲೂ ದಕ್ಷಿಣ ಆಫ್ರಿಕಾದಲ್ಲೂ ಶೇ. 3ಕ್ಕಿಂತ ಕಡಿಮೆ. ಎಂಬತ್ತೆಲ್ಲಿ, ಮೂರೆಲ್ಲಿ? ನನ್ನ ಮಟ್ಟಿಗೆ ಇವೆರಡು ಬೇರೆ ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳು. ಯಾವತ್ತಾದರೂ ಬಳಸಿದ್ದೀರಾ ಅನ್ನುವುದು ಒಂದು, ಮುಖ್ಯವಾಗಿ ಎಲ್ಲಿಗೆ ಹೋಗುತ್ತೀರಿ ಅನ್ನುವುದು ಇನ್ನೊಂದು. ಜನ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದಿಲ್ಲ. ಒಂದೇ ವಾರದಲ್ಲಿ, ಕೆಲವೊಮ್ಮೆ ಒಂದೇ ದಿನ, ಎರಡೂ ಕಡೆ ಹೋಗುತ್ತಾರೆ. ಆ ಎರಡರ ನಡುವಿನ ದಾರಿಯನ್ನೇ ನನ್ನ ವಿಷಯ ಮಾಡಿಕೊಂಡೆ.

ಗೈಡ್ ಒಪ್ಪಿದರು. ಪ್ರಶ್ನಾವಳಿ ಬದಿಗಿಟ್ಟು ಒಂದೇ ಮಾತಿನಿಂದ ಶುರು ಮಾಡಿದೆ: 'ಈ ಕೆಮ್ಮು ಶುರುವಾದ ಮೊದಲ ದಿನ ಮನೆಯಲ್ಲಿ ಏನು ಮಾಡಿದಿರಿ?' ಆಮೇಲೆ ಎರಡನೇ ದಿನ, ಮೂರನೇ ದಿನ. ವೈದ್ಯರು, ಔಷಧಿ ಅನ್ನುವ ಪದಗಳನ್ನು ನಾನಾಗಿ ತರಲೇ ಇಲ್ಲ. ಕ್ಲಿನಿಕ್ ಬಿಟ್ಟು ಮಿನಿಬಸ್ ಟ್ಯಾಕ್ಸಿ ನಿಲ್ದಾಣದಲ್ಲಿ, ಬಟ್ಟೆ ಒಗೆಯುವ ನಲ್ಲಿಯ ಹತ್ತಿರ, ಅಡುಗೆಮನೆಗಳಲ್ಲಿ ಕೂತು ಕೇಳಿದೆ. ಅಜ್ಜಿ ಉಮ್ಹ್ಲೊನ್ಯಾನೆ ಸೊಪ್ಪಿನ ಹಬೆ ಕೊಟ್ಟಳು, ಪಕ್ಕದ ಮನೆಯವಳು ಇಸಿಭಾಹಾ ಮರದ ತೊಗಟೆ ಕೊಟ್ಟಳು, ಆಮೇಲೆ ಕ್ಲಿನಿಕ್ಕಿಗೆ ಹೋಗಿ ಕಫ ಕೊಟ್ಟು ಬಂದೆ ಅಂತ ಪೂರ್ತಿ ಕಥೆ ಬರತೊಡಗಿತು. ಹೀಗೆ ಕೇಳಲು ಒಬ್ಬೊಬ್ಬರಿಗೆ ಎರಡು ಗಂಟೆ ಹಿಡಿಯುತ್ತದೆ. ಸಂಖ್ಯೆ ಕಡಿಮೆಯಾಯಿತು ಅಂತ ಆಮೇಲೆ ಪರೀಕ್ಷಕರೊಬ್ಬರು ಆಕ್ಷೇಪ ಎತ್ತಿದರು. ನಾನು ಅದಕ್ಕೆ ಬೇಸರಪಡಲಿಲ್ಲ.

ಗಿಡಗಳನ್ನು ಕಲಿತದ್ದು ವಾರ್ವಿಕ್ ಸಂತೆಯಲ್ಲಿ. ಪೂರ್ತಿಯಾಗದೆ ನಿಂತುಹೋದ ಹೆದ್ದಾರಿ ಮೇಲ್ಸೇತುವೆಯ ಮೇಲೆ ಸಾಲಾಗಿ ಮದ್ದಿನ ಅಂಗಡಿಗಳಿವೆ. ಕೆಳಗೆ ಬಸ್ಸು, ಟ್ಯಾಕ್ಸಿ, ರೈಲು ನಿಲ್ದಾಣ. ವ್ಯಾಪಾರಕ್ಕೆ ಕೂತವರು ಬಹುಪಾಲು ಹೆಂಗಸರು. ಮಚ್ಚಿನಿಂದ ತೊಗಟೆ ಕೊಚ್ಚುವ ಸದ್ದು ದಿನವಿಡೀ ನಿಲ್ಲುವುದಿಲ್ಲ. ಜುಲು ಭಾಷೆಯಲ್ಲಿ ಉಮುತಿ ಅಂದರೆ ಮರವೂ ಹೌದು, ಮದ್ದೂ ಹೌದು. ಅಲ್ಲಿ ನಿಂತಾಗ ಆ ಒಂದು ಪದ ಸಾಕು ಅನ್ನಿಸುತ್ತದೆ. ಒಬ್ಬ ಅಂಗಡಿಯಾಕೆ ಅಂಗೈಯಗಲದ ಇಸಿಭಾಹಾ ತೊಗಟೆಯಿಂದ ಉಗುರಿನಷ್ಟು ಮುರಿದು ನನ್ನ ಬಾಯಿಗಿಟ್ಟಳು. ಮೊದಲು ಕಹಿ, ಆಮೇಲೆ ಕಾಳುಮೆಣಸು ಅಗಿದ ಹಾಗೆ ಗಂಟಲೆಲ್ಲ ಉರಿ. ತೊಗಟೆಯ ಒಳಮೈ ಕೆಂಪಗೆ, ಅಂಚು ಹಸಿಯಾಗಿತ್ತು. ಮರದ ಸುತ್ತಲೂ ಉಂಗುರದಂತೆ ತೊಗಟೆ ಬಿಡಿಸಿದರೆ ಆ ಮರ ಉಳಿಯುವುದಿಲ್ಲ. ವಾರ್ಬರ್ಜಿಯಾ ಸಲುಟಾರಿಸ್ ಅನ್ನುವ ಈ ಮರ ಕಾಡಿನಲ್ಲಿ ಅಪರೂಪವಾಗಿರುವುದು ಹೀಗೇ. ಎಲೆಯಲ್ಲೂ ತೊಗಟೆಯಲ್ಲಿರುವಂಥ ಖಾರದ ರಾಸಾಯನಿಕಗಳಿವೆ, ತೊಗಟೆಯ ಬದಲು ಎಲೆ ಬಳಸಬಹುದು ಎಂದು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು 2001ರಲ್ಲೇ ಬರೆದಿದ್ದಾರೆ. ಅದನ್ನು ಆಕೆಗೆ ಹೇಳಿದೆ. "ಎಲೆ ತಂದಿಟ್ಟರೆ ಇದು ಇಸಿಭಾಹಾನೇ ಅಂತ ಯಾರು ನಂಬುತ್ತಾರೆ?" ಅಂದಳು. ಕೊಳ್ಳುವವರು ಗುರುತು ಹಿಡಿಯುವುದು ತೊಗಟೆಯನ್ನು. ಪ್ರಯೋಗಾಲಯದ ಉತ್ತರ ಸಂತೆಯವರೆಗೆ ಬರಲು ಇನ್ನೂ ಬಹಳ ದಾರಿ ಇದೆ ಅಂತ ನಾನು ಕಲಿತದ್ದು ಆ ಮಾತಿನಿಂದ.

ಗಿಡದ ಸ್ಥಳೀಯ ಹೆಸರನ್ನು ಮಾತ್ರ ನಂಬಿ ಪ್ರಬಂಧ ಬರೆಯಬಾರದು. ಒಂದು ಗಿಡಕ್ಕೆ ಎರಡು ಹೆಸರು, ಒಂದು ಹೆಸರಿಗೆ ನಾಲ್ಕು ಗಿಡ ಇರುತ್ತವೆ. ಅನುಮತಿ ಪಡೆದು, ಹೂವು ಕಾಯಿ ಸಮೇತ ಒಣಗಿಸಿ ಒತ್ತಿದ ಮಾದರಿಗಳನ್ನು ಡರ್ಬನ್‌ನ ಕ್ವಾಝುಲು-ನಟಾಲ್ ಹರ್ಬೇರಿಯಂಗೆ ಒಯ್ದು ಹೋಲಿಸಿ ನೋಡುತ್ತಿದ್ದೆವು. ಸಸ್ಯತಜ್ಞ ಜಾನ್ ಮೆಡ್ಲಿ ವುಡ್ 1882ರಲ್ಲಿ ಶುರು ಮಾಡಿದ, ಒಣಗಿಸಿದ ಗಿಡಗಳ ಸಂಗ್ರಹ ಅದು. ಗುರುತಿನಲ್ಲಿ ತಪ್ಪಾದರೆ ಜೀವಕ್ಕೇ ಕುತ್ತು. ಇಂಪಿಲಾ ಅನ್ನುವ ಗೆಡ್ಡೆ ಇದೆ. ಜುಲುವಿನಲ್ಲಿ ಇಂಪಿಲಾ ಅಂದರೆ ಆರೋಗ್ಯ. ಅದರಲ್ಲಿರುವ ಅಟ್ರಾಕ್ಟಿಲೋಸೈಡ್ ಅನ್ನುವ ವಿಷ ಯಕೃತ್ತು, ಮೂತ್ರಪಿಂಡ ಎರಡನ್ನೂ ಹಾಳು ಮಾಡುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. ಇದರಿಂದಾದ ಸಾವುಗಳನ್ನು ಅಲ್ಲಿನ ಡಾಕ್ಟರುಗಳು 1970ರ ದಶಕದಲ್ಲೇ ದಾಖಲಿಸಿದ್ದಾರೆ. ಸಾಂಪ್ರದಾಯಿಕವಾದದ್ದೆಲ್ಲ ಸುರಕ್ಷಿತ ಅನ್ನುವವರ ಜೊತೆ ನಾನು ಯಾವತ್ತೂ ದನಿಗೂಡಿಸಲಾರೆ. ಪ್ರಯೋಗಾಲಯದ ಎಚ್ಚರಿಕೆಯೇ ಕೊನೆಯ ಮಾತು ಅಂತಲೂ ಅಲ್ಲ. ಇಂಕೊಂಫೆ, ಅಂದರೆ ಆಫ್ರಿಕನ್ ಪೊಟೇಟೊ ಅನ್ನುವ ಗೆಡ್ಡೆ, ಎಚ್‌ಐವಿ ಮಾತ್ರೆಗಳನ್ನು ದೇಹ ಕರಗಿಸಿಕೊಳ್ಳುವ ರೀತಿಯನ್ನು ಬದಲಿಸಬಹುದು ಎಂದು 2005ರಲ್ಲಿ ಗಾಜಿನ ನಳಿಕೆಯ ಪ್ರಯೋಗಗಳು ಹೇಳಿದವು. 2008ರಲ್ಲಿ ಮನುಷ್ಯರಿಗೇ ಕೊಟ್ಟು ನೋಡಿದಾಗ ಎಫಾವಿರೆಂಜ್ ಅನ್ನುವ ಎಚ್‌ಐವಿ ಔಷಧದ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಸಾಂಪ್ರದಾಯಿಕ ವೈದ್ಯರ ಒಪ್ಪಿಗೆ ಪಡೆಯುವುದು ನನಗೆ ಕಷ್ಟವಾದ ಕೆಲಸ. ಗಿಡಮೂಲಿಕೆ ಕೊಡುವವರನ್ನು ಇನ್ಯಾಂಗಾ ಅನ್ನುತ್ತಾರೆ. ಪೂರ್ವಜರ ಕರೆ ಬಂದು ದೀಕ್ಷೆ ಪಡೆದವರು ಇಸಾಂಗೊಮಾ. ನಾನು ಹೆಚ್ಚು ಕಾಲ ಕಳೆದದ್ದು ಒಬ್ಬ ಇಸಾಂಗೊಮಾ ಜೊತೆ. ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವರು, ಆದರೂ ಅವರನ್ನು ಗೊಗೊ, ಅಂದರೆ ಅಜ್ಜಿ, ಎಂದೇ ಕರೆಯಬೇಕು. ಅವರೊಳಗೆ ಮಾತಾಡುವವರು ಹಿರಿಯರು ಅನ್ನುವ ನಂಬಿಕೆ. ಎಥಿಕ್ಸ್ ಕಮಿಟಿಯ ನಾಲ್ಕು ಪುಟದ ಒಪ್ಪಿಗೆ ಪತ್ರ ಮುಂದಿಟ್ಟಾಗ ಗೊಗೊ ಸಹಿ ಹಾಕಲಿಲ್ಲ. ಪೂರ್ವಜರನ್ನು ಕೇಳಬೇಕು, ಆಮೇಲೆ ಹೇಳಿಕಳಿಸುತ್ತೇನೆ ಅಂದರು. ಮೂರು ವಾರ ಕಾದೆ. ಕರೆ ಬಂದ ದಿನ ಇಂಪೆಫೊ ಅನ್ನುವ ಒಣ ಸೊಪ್ಪು ಸುಟ್ಟ ಹೊಗೆಯ ನಡುವೆ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ನನ್ನ ಮದ್ದಿನ ಪಟ್ಟಿ ಬೇಕಾ ನಿನಗೆ?" ನನ್ನ ಅಜ್ಜಿಯ ಮಾತನ್ನು ಅವರಿಗೆ ಹೇಳಿದೆ. ಪಟ್ಟಿ ಬೇಡ, ಯಾವ ಮಿಶ್ರಣವನ್ನೂ ಬರೆದುಕೊಳ್ಳುವುದಿಲ್ಲ, ರೋಗಿಯನ್ನು ಹೇಗೆ ನೋಡುತ್ತೀರಿ, ಯಾವಾಗ ಕ್ಲಿನಿಕ್ಕಿಗೆ ಕಳಿಸುತ್ತೀರಿ ಅಷ್ಟೇ ಸಾಕು ಎಂದೆ. ಆ ಅನುಮಾನಕ್ಕೆ ಕಾರಣವಿದೆ. ಹೂಡಿಯಾ ಗಿಡ ಅಗಿದರೆ ಹಸಿವು ಅಡಗುತ್ತದೆ ಅನ್ನುವುದು ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸಾನ್ ಜನರ ತಿಳಿವಳಿಕೆ. ಅದರ ಮೇಲೆ ಸರ್ಕಾರಿ ಸಂಶೋಧನಾ ಸಂಸ್ಥೆ ಪೇಟೆಂಟ್ ಪಡೆದದ್ದು ಮೊದಲು, ಸಾನ್ ಜನರಿಗೆ ಲಾಭದ ಪಾಲು ಕೊಡುವ ಒಪ್ಪಂದವಾದದ್ದು ಆಮೇಲೆ, 2003ರಲ್ಲಿ. ಪಟ್ಟಿ ಕೇಳದ್ದರಿಂದ ನನ್ನ ಪ್ರಬಂಧಕ್ಕೆ ನಷ್ಟವೇನೂ ಆಗಲಿಲ್ಲ. ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವ ಮೊದಲ ಮಾತು ಇದೇ.

ಗೊಗೊ ಮನೆಯಲ್ಲೇ ನನ್ನ ಕೆಲಸದ ಮುಖ್ಯ ಭಾಗ ಸಿಕ್ಕಿದ್ದು. ಉಕುಫಲಾಝಾ ಅನ್ನುವ ಪದ್ಧತಿ ಇದೆ: ಬೆಳಗ್ಗೆ ಲೀಟರುಗಟ್ಟಲೆ ಉಗುರುಬೆಚ್ಚಗಿನ ಮದ್ದಿನ ನೀರು ಕುಡಿದು ವಾಂತಿ ಮಾಡಿಕೊಳ್ಳುವುದು. ನಮ್ಮ ಆಯುರ್ವೇದದ ವಮನ ಬಲ್ಲವರಿಗೆ ಇದು ವಿಚಿತ್ರ ಅನ್ನಿಸದು. ರಾತ್ರಿ ಪಾಳಿಯಲ್ಲಿ ಆಫೀಸು ಗುಡಿಸುವ ಕೆಲಸದ ಒಬ್ಬ ಹೆಂಗಸು ದಿನಕ್ಕೊಂದು ಎಚ್‌ಐವಿ ಮಾತ್ರೆ ನುಂಗುತ್ತಿದ್ದಳು. ರಾತ್ರಿ ನುಂಗಿದರೆ ತಲೆ ಸುತ್ತಿ ಕೆಲಸ ಮಾಡಲಾಗದು, ಹಾಗಾಗಿ ಬೆಳಗ್ಗೆ ಮನೆಗೆ ಬಂದ ಮೇಲೆ ನುಂಗುವಳು. ಆಮೇಲೆ ಅರ್ಧ ಗಂಟೆಯೊಳಗೆ ಉಕುಫಲಾಝಾ. ವೈರಸ್ ಪ್ರಮಾಣ ಇಳಿಯುತ್ತಿಲ್ಲ ಅಂತ ಕ್ಲಿನಿಕ್ಕಿನಲ್ಲಿ ಮಾತ್ರೆ ಬಿಡುತ್ತಿದ್ದೀಯ ಎಂದು ಬೈದಿದ್ದರು. ಅವಳು ಒಂದು ದಿನವೂ ಬಿಟ್ಟಿರಲಿಲ್ಲ. ಆ ಹೊತ್ತಿನ ಕತೆಯನ್ನು ಅವಳ ಬಾಯಿಂದ ಕೇಳಿದವರೇ ಇರಲಿಲ್ಲ. ಅವಳ ಒಪ್ಪಿಗೆ ಪಡೆದು ಗೊಗೊಗೂ ಕ್ಲಿನಿಕ್ಕಿನ ಹಿರಿಯ ನರ್ಸಿಗೂ ಹೇಳಿದೆ. ವಾಂತಿ ಮೊದಲು, ಹೊಟ್ಟೆ ನೆಮ್ಮದಿಯಾಗಿ ಊಟವಾದ ಮೇಲೆ ಮಲಗುವ ಮುಂಚೆ ಮಾತ್ರೆ ಎಂದು ಇಬ್ಬರೂ ಸೇರಿ ಹೊತ್ತು ಗೊತ್ತು ಮಾಡಿದರು. ಗೊಗೊ ಆವತ್ತಿನಿಂದ ಬಂದವರನ್ನೆಲ್ಲ ಮಾತ್ರೆಯ ಹೊತ್ತು ಕೇಳತೊಡಗಿದರು.

ಇದು ಹೊಸ ದಾರಿ ಏನಲ್ಲ. ಡರ್ಬನ್ ಇರುವ ಕ್ವಾಝುಲು-ನಟಾಲ್ ಪ್ರಾಂತ್ಯದ್ದೇ ಆದ ಹ್ಲಾಬಿಸಾದಲ್ಲಿ ಕ್ಷಯರೋಗಿಗಳಿಗೆ ಮಾತ್ರೆ ನುಂಗಿಸುವ ಹೊಣೆಯನ್ನು ಸಾಂಪ್ರದಾಯಿಕ ವೈದ್ಯರಿಗೂ ಕೊಟ್ಟು ನೋಡಿದ್ದರು. 2003ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಅವರ ಬಳಿಯಿದ್ದ 53 ರೋಗಿಗಳಲ್ಲಿ ಶೇ. 89 ಮಂದಿ ಚಿಕಿತ್ಸೆ ಪೂರ್ತಿ ಮಾಡಿದರು. ಬೇರೆಯವರ ಬಳಿಯಿದ್ದವರಲ್ಲಿ ಶೇ. 67. ಸಂಖ್ಯೆ ಚಿಕ್ಕದು, ಯಾರ ಬಳಿ ಯಾರು ಹೋದರು ಅನ್ನುವುದೂ ಲೆಕ್ಕಕ್ಕೆ ಬರಬೇಕು. ಆದರೂ ವೈದ್ಯರ ಮನೆ ಹತ್ತಿರ, ಬಾಗಿಲು ಸದಾ ತೆರೆದಿರುತ್ತದೆ, ಅಲ್ಲಿ ಕೂತು ಮಾತಾಡಬಹುದು ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾನೂನಿನಲ್ಲಿ ಇವರಿಗೆ ಜಾಗ ಕೊಟ್ಟದ್ದು 2007ರ 22ನೇ ಕಾಯ್ದೆ. ಹಿಂದಿನ ಕಾಯ್ದೆಯನ್ನು ಜನರ ಅಭಿಪ್ರಾಯ ಸರಿಯಾಗಿ ಕೇಳಿಲ್ಲವೆಂದು ಸಂವಿಧಾನ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತ್ತು. ಗೊಗೊಗೆ ಕಾಯ್ದೆಗಿಂತ ಹೆಚ್ಚು ಬೇಕಿದ್ದದ್ದು ಕ್ಲಿನಿಕ್ಕಿಗೆ ತಾವು ಕಳಿಸಿದ ಚೀಟಿಗೆ ಉತ್ತರ. ರೋಗಿಯ ಕೈಯಲ್ಲಿ ಎಷ್ಟೋ ಚೀಟಿ ಕಳಿಸಿದ್ದರು, ಒಂದೂ ತಿರುಗಿ ಬಂದಿರಲಿಲ್ಲ. ಪ್ರಬಂಧದಲ್ಲಿ ನಾನು ಬರೆದ ಶಿಫಾರಸುಗಳಲ್ಲಿ ಮೊದಲನೆಯದು ಅದು: ಚೀಟಿಯ ಕೆಳಗಿನ ಅರ್ಧ ಖಾಲಿ ಬಿಡಿ, ನರ್ಸ್ ಅಲ್ಲಿ ಎರಡು ಸಾಲು ಬರೆದು ರೋಗಿಯ ಕೈಲೇ ವಾಪಸ್ ಕಳಿಸಲಿ.

ಪದವಿ ಬಂದ ಮೇಲೆ ಜುಲುವಿನಲ್ಲಿ ಬರೆಸಿದ ಆರು ಪುಟದ ಸಾರಾಂಶ ಹಿಡಿದು ಗೊಗೊ ಮನೆಗೆ ಹೋದೆ. ದುಭಾಷಿ ಹುಡುಗಿ ಗಟ್ಟಿಯಾಗಿ ಓದಿದಳು. ದೀಕ್ಷೆಯಲ್ಲಿದ್ದ ನಾಲ್ವರು ಶಿಷ್ಯೆಯರು ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದರು. ಚಿಕ್ಕ ಮಕ್ಕಳಿಗೆ ಎನಿಮಾ ಕೊಟ್ಟಾಗ ಆಗುವ ಅಪಾಯ, ಇಂಪಿಲಾದ ವಿಷಯ ಇದ್ದದ್ದು ನಾಲ್ಕನೇ ಪುಟದಲ್ಲಿ. ಅಲ್ಲಿ ನನಗೆ ಎದೆ ಢವಗುಟ್ಟುತ್ತಿತ್ತು. ಅವರ ಮನೆಯಲ್ಲೇ ಕೂತು ಅವರ ಕೆಲಸದ ತಪ್ಪು ಓದಿದ ಹಾಗೆ ಆಗುತ್ತಿತ್ತಲ್ಲ. ಓದು ಮುಗಿಯುವವರೆಗೆ ಗೊಗೊ ಮಾತಾಡಲಿಲ್ಲ. ಆಮೇಲೆ ಹಾಳೆಗಳನ್ನು ಕೈಗೆ ತಗೊಂಡು, ನಾಲ್ಕನೆಯದನ್ನು ಬೇರೆ ಮಾಡಿ ಹುಡುಗಿಗೆ ವಾಪಸ್ ಕೊಟ್ಟರು. "ಇದನ್ನು ಇನ್ನೊಂದು ಸಲ ಓದು, ನಿಧಾನಕ್ಕೆ" ಅಂದರು, ಶಿಷ್ಯೆಯರ ಕಡೆ ತಿರುಗಿ ಕೂತರು.